ಮುಂಗಾಲು ನಿಂತರೆ ಬ್ಯಾಟ್ ಓಡುತ್ತದೆ

ಬದಿಯಡ್ಕದ ಕಡೆಯ ನಮ್ಮ ಶಾಲೆಯಲ್ಲಿ ಸಾಫ್ಟ್‌ಬಾಲ್‌ಗೆ ಬರುವ ಹುಡುಗಿಯರಲ್ಲಿ ಹೆಚ್ಚಿನವರು ಅಣ್ಣಂದಿರ ಜೊತೆ ಗದ್ದೆಯಲ್ಲಿ ಕ್ರಿಕೆಟ್ ಆಡಿ ಬಂದವರು. ಕಣ್ಣೂ ಕೈಯೂ ಚುರುಕು, ತೊಡಕಿರುವುದು ಮುಂಗಾಲಿನಲ್ಲಿ. ಡ್ರೈವ್ ಮಾಡುವವರಂತೆ ಮೊಣಕಾಲು ಬಗ್ಗಿಸಿ, ಮೈಭಾರವನ್ನೆಲ್ಲ ಮುಂದಕ್ಕೆ ಚೆಲ್ಲಿಬಿಡುತ್ತಾರೆ. ಇಲ್ಲಿ ಚೆಂಡು ಪುಟಿದು ಬರುವುದಿಲ್ಲ. ಚೆಂಡೆಸೆಯುವ ಪಿಚರ್ ನಿಲ್ಲುವುದು 43 ಅಡಿ ದೂರದಲ್ಲಿ. ವೇಗದ ಎಸೆತಕ್ಕೆ ಅರ್ಧ ಸೆಕೆಂಡೂ ಸಿಗುವುದಿಲ್ಲ. ಮುಂದಕ್ಕೆ ವಾಲಿದವಳಿಗೆ ಸೊಂಟ ತಿರುಗಿಸಲು ಆಸ್ಪದವೇ ಇಲ್ಲ, ಬರೇ ತೋಳಿನಿಂದ ಬೀಸುತ್ತಾಳೆ.

ಹಾಗಾಗಿ ನಾನು ಕಾಲಿನಿಂದ ಶುರುಮಾಡುತ್ತೇನೆ. ಮೊದಲು ಭಾರ ಹಿಂಗಾಲಿನ ಒಳಬದಿಯಲ್ಲಿ ಕೂರಬೇಕು, ಮೊಣಕಾಲು ಪಾದದಿಂದ ಆಚೆಗೆ ವಾಲಬಾರದು. ಮುಂಗಾಲನ್ನು ಗಿಡ್ಡ ಹೆಜ್ಜೆಯಿಟ್ಟು ಮೆತ್ತಗೆ ಊರಬೇಕು. ಆ ಕಾಲಿನ ಹಿಮ್ಮಡಿ ನೆಲ ಮುಟ್ಟಿದಾಗ ಸೊಂಟ ತಿರುಗಲು ತೊಡಗಬೇಕು, ಆದರೆ ಭುಜ ಇನ್ನೂ ಹಿಂದೆಯೇ ಇರಬೇಕು. ಈ ಒಂದು ಕ್ಷಣದ ಅಂತರವೇ ಹೊಡೆತದ ಜೀವ. ಸೊಂಟ, ಎದೆ, ತೋಳು, ಕೊನೆಗೆ ಬ್ಯಾಟ್: ವೇಗ ಈ ಕ್ರಮದಲ್ಲಿಯೇ ದಾಟಬೇಕು.

ಬಗ್ಗಿದ್ದ ಮುಂಗಾಲು ಆಗ ನೆಲವನ್ನು ಒತ್ತುತ್ತಾ ನೆಟ್ಟಗಾಗುತ್ತದೆ. ಕುಂಬಳೆಗೆ ಹೋಗುವ ಬಸ್ಸು ಗಕ್ಕನೆ ಬ್ರೇಕ್ ಹಾಕಿದರೆ ನಿಂತವರ ಮೈಯ ಮೇಲ್ಭಾಗ ಮುಂದಕ್ಕೆ ಹಾರುವುದಿಲ್ಲವೇ? ಮುಂಗಾಲಿನ ಕೆಲಸ ಅದೇ. "ಟೀಚರ್, ನಾನು ಸಪುರ, ದೂರ ಹೊಡೆಯಲು ನನ್ನಿಂದಾಗದು" ಎಂದವಳಿಗೆ ನಾನು ಮಾಡಿಸಿದ್ದು ಇದೊಂದನ್ನೇ.

ಹಿಂಗಾಲನ್ನು ಇದ್ದಲ್ಲೇ ತಿರುಚಿ ಎಂದು ಈಗಲೂ ಅನೇಕರು ಹೇಳಿಕೊಡುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಹಾಗೆ ಮಾಡಿದವಳ ಪಾದ ತಿರುಗುತ್ತದೆ, ಸೊಂಟ ಅಲ್ಲೇ ಉಳಿಯುತ್ತದೆ. ಸೊಂಟ ಸರಿಯಾಗಿ ಎಳೆದರೆ ಹಿಮ್ಮಡಿ ತಾನಾಗಿ ಏಳುತ್ತದೆ. ಒಳ್ಳೆಯ ಹೊಡೆತಗಾರರ ಹಿಂಗಾಲಿನ ಬೆರಳು ಚೆಂಡು ತಾಗುವ ಹೊತ್ತಿಗೆ ನೆಲವನ್ನು ಸವರುತ್ತಾ ಇರುತ್ತದೆ, ಅಷ್ಟೆ.

ಮಳೆಗಾಲದಲ್ಲಿ ಮೈದಾನ ಕೆಸರು. ಪಾದ ಜಾರಿದರೆ ಸೊಂಟಕ್ಕೆ ಒತ್ತಲು ನೆಲವೇ ಇಲ್ಲದಂತಾಗುತ್ತದೆ. (ಬೇಸಗೆಯಲ್ಲಿ ಮುರಕಲ್ಲಿನ ಪುಡಿಯೂ ಕಡಿಮೆ ಜಾರುವುದಿಲ್ಲ, ಅಡಿ ಸವೆದ ಕ್ಯಾನ್ವಾಸ್ ಶೂಗಳನ್ನು ನಾನು ಮೈದಾನಕ್ಕೆ ಬಿಡುವುದಿಲ್ಲ.) ಜೂನ್ ಬಂದರೆ ನಮ್ಮ ಅಭ್ಯಾಸ ಜಗಲಿಗೆ ಬರುತ್ತದೆ. ಪಿವಿಸಿ ಪೈಪಿನ ತುದಿಗೆ ಸೈಕಲ್ ಟ್ಯೂಬ್ ಸುತ್ತಿ ಚೆಂಡು ಇಡಲು ಕಂಬ ಮಾಡಿಕೊಂಡಿದ್ದೇವೆ, ಎದುರಿಗೆ ಹಳೆಯ ಬಲೆ. ಕೆಲವೊಮ್ಮೆ ಬ್ಯಾಟೇ ಬೇಡ: ಹಳೆಯ ಫುಟ್‌ಬಾಲಿಗೆ ಒಂದಿಷ್ಟು ಮರಳು ತುಂಬಿ, ಸೊಂಟದ ಬದಿಯಿಂದ ಎರಡೂ ಕೈಯಲ್ಲಿ ಗೋಡೆಗೆ ಎಸೆಯಿಸುತ್ತೇನೆ. ತೋಳಿನಿಂದ ಎಸೆದರೆ ಅದು ಗೋಡೆ ಮುಟ್ಟುವುದಿಲ್ಲ, ನಾನು ಬಾಯಿ ಬಿಡಬೇಕಾಗಿಯೂ ಇಲ್ಲ.

ಮೈಯಿಂದ ದೂರವಾಗಿ ಬರುವ ಹೊರಬದಿಯ ಚೆಂಡಿಗೆ ಸೊಂಟ ಇಷ್ಟು ತೆರೆಯಬಾರದು, ಹೆಜ್ಜೆಯನ್ನೂ ಅತ್ತ ನೀಡಬಾರದು. ಪಾದ ಪೂರ್ತಿಯಾಗಿ ಬ್ಯಾಟರ್ ಬಾಕ್ಸಿನ, ಅಂದರೆ ಹೊಡೆಯುವವಳು ನಿಲ್ಲಬೇಕಾದ ಚೌಕದ, ಗೆರೆ ದಾಟಿ ನೆಲದ ಮೇಲಿರುವಾಗ ಚೆಂಡಿಗೆ ಹೊಡೆದರೆ, ಹೊಡೆತ ಎಷ್ಟೇ ಚೆನ್ನಾಗಿದ್ದರೂ ಅಂಪೈರ್ ಔಟ್ ಕೊಡುತ್ತಾರೆ.