ಆಪರೇಷನ್ ಆಗಿ ವರ್ಷಗಳಾದರೂ ಮಾತ್ರೆ ಬಿಡಬೇಡಿ

ತೂಕ ಇಳಿಸುವ ಆಪರೇಷನ್ ಆಗಿ ಒಂದೆರಡು ವರ್ಷ ಕಳೆದವರಿಗೆ ಈ ಮಾತು. ಮೈ ಹಗುರಾಗಿದೆ, ಆರಾಮಾಗಿದ್ದೀನಿ ಅಂತ ವಿಟಮಿನ್ ಮಾತ್ರೆ ನಿಲ್ಲಿಸಬೇಡಿ, ಅದು ಜೀವನಪೂರ್ತಿ ಬೇಕು. ಬಿ12 ಲಿವರ್‌ನಲ್ಲಿ ವರ್ಷಗಟ್ಟಲೆ ಶೇಖರವಾಗಿರುತ್ತದೆ, ಹಾಗಾಗಿ ಕೊರತೆ ಬೇಗ ಗೊತ್ತಾಗುವುದೇ ಇಲ್ಲ. ಕಾಲು ಜೋಮು ಹಿಡಿಯುವ ಹೊತ್ತಿಗೆ ನರಗಳಿಗೆ ಪೆಟ್ಟು ಬಿದ್ದಿರಬಹುದು. ವರ್ಷಕ್ಕೊಮ್ಮೆಯಾದರೂ ರಕ್ತ ಪರೀಕ್ಷೆ ಮಾಡಿಸಲೇಬೇಕು.

ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಒಟ್ಟಿಗೆ ನುಂಗಬೇಡಿ. ಕ್ಯಾಲ್ಸಿಯಂ ಇದ್ದರೆ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ. ನಡುವೆ 2 ಗಂಟೆಯಾದರೂ ಬಿಡಿ. ನಾನು ಫೋನಿನಲ್ಲಿ ಮೂರು ಅಲಾರಂ ಇಟ್ಟಿದ್ದೇನೆ: ಬೆಳಗ್ಗೆ ಕಬ್ಬಿಣ, ಮಧ್ಯಾಹ್ನ ಮತ್ತು ರಾತ್ರಿ ಕ್ಯಾಲ್ಸಿಯಂ.

ಇಳಿದ ತೂಕದಲ್ಲಿ ಸ್ವಲ್ಪ ಮರಳುವುದು ಸಹಜ, ಗಾಬರಿಯಾಗಬೇಡಿ. ಆದರೆ ದಿನವಿಡೀ ಬಾಯಾಡಿಸುವ ಅಭ್ಯಾಸ ಬಂತೋ, ಕಷ್ಟ. ಆಪರೇಷನ್‌ನಿಂದ ಚಿಕ್ಕದಾದ ಹೊಟ್ಟೆ ಒಂದೇ ಸಲಕ್ಕೆ ಜಾಸ್ತಿ ತಿನ್ನುವುದನ್ನು ತಡೆಯುತ್ತದೆ, ಆಗಾಗ ಚೂರುಚೂರು ತಿನ್ನುವುದನ್ನಲ್ಲ. ತಟ್ಟೆಯಲ್ಲಿ ಮೊದಲು ಪ್ರೋಟೀನ್ ಮುಗಿಸಿ. ಸಾಮಾನ್ಯವಾಗಿ ದಿನಕ್ಕೆ ಕನಿಷ್ಠ 60 ಗ್ರಾಂ ಬೇಕು. ನೀರು ಊಟದ ಜೊತೆ ಬೇಡ, ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ ಕುಡಿಯಿರಿ.

ವಾಂತಿ ನಿಲ್ಲದಿದ್ದರೆ ದಯವಿಟ್ಟು ಕಾಯುತ್ತಾ ಕೂರಬೇಡಿ. ಮೈಯಲ್ಲಿರುವ ಬಿ1 ವಿಟಮಿನ್ ಕೆಲವೇ ವಾರಗಳಲ್ಲಿ ಖಾಲಿಯಾಗಿಬಿಡುತ್ತದೆ. ಕೂಡಲೇ ಡಾಕ್ಟರ ಹತ್ತಿರ ಹೋಗಿ, ಆಪರೇಷನ್ ಆಗಿರುವುದನ್ನು ಮೊದಲೇ ಹೇಳಿ.