ಆರ್ಗಾನ್ ವೆಲ್ಡಿಂಗ್ ಕಲಿಯುತ್ತೀರಾ? ಮೊದಲ ವಾರ ವೈರ್ ಮುಟ್ಟಬೇಡಿ

ಪೀಣ್ಯದ ಶೆಡ್‌ಗಳಲ್ಲಿ ‘ಟಿಗ್’ ಅಂದರೆ ಕೆಲವರು ಮುಖ ನೋಡುತ್ತಾರೆ, ‘ಆರ್ಗಾನ್’ ಅಂದರೆ ತಟ್ಟನೆ ಗೊತ್ತಾಗುತ್ತದೆ. ಎರಡೂ ಒಂದೇ ವೆಲ್ಡಿಂಗ್. ಹೋಟೆಲಿನ ಸ್ಟೀಲ್ ಮೇಜು, ಮೆಟ್ಟಿಲ ಕಂಬಿ, ಡೇರಿಯ ಪೈಪು ಎಲ್ಲದಕ್ಕೂ ಇದೇ ಬೇಕು. ಕಲಿಯಲು ಬರುವ ಹುಡುಗರಲ್ಲಿ ಹೆಚ್ಚಿನವರ ಕೈ ಕಡ್ಡಿ ವೆಲ್ಡಿಂಗ್‌ನಲ್ಲಿ ಪಳಗಿರುತ್ತದೆ. ತೊಂದರೆ ಶುರುವಾಗುವುದೇ ಅಲ್ಲಿಂದ. ಕಡ್ಡಿ ಕರಗುತ್ತಾ ಗಿಡ್ಡವಾಗುತ್ತದೆ, ಕೈ ಕೆಳಕ್ಕೆ ಇಳಿಯುತ್ತಲೇ ಇರಬೇಕು. ಇಲ್ಲಿ ಟಾರ್ಚಿನ ತುದಿಯಲ್ಲಿ ಆರ್ಕ್ (ಕರೆಂಟಿನ ಉರಿ) ಹೊತ್ತಿಸುವ ಟಂಗ್‌ಸ್ಟನ್ ಕಡ್ಡಿ ಕರಗಲು ಸುಮಾರು 3,400 ಡಿಗ್ರಿ ಸೆಲ್ಸಿಯಸ್ ಬೇಕು, ಅದು ಗಿಡ್ಡವಾಗುವುದಿಲ್ಲ. ಹಳೇ ಅಭ್ಯಾಸದಲ್ಲಿ ಕೈ ಇಳಿಸಿದಿರೋ, ಕರಗಿದ ಲೋಹಕ್ಕೆ ಅದ್ದಿತು ಅಂತಲೇ ಲೆಕ್ಕ.

ಸಾಮಾನು

ಡಿಸಿ ಇನ್ವರ್ಟರ್ ಮಷಿನ್, ಕರಗಿದ ಲೋಹಕ್ಕೆ ಗಾಳಿ ತಾಗದಂತೆ ಕಾಯುವ ಶುದ್ಧ ಆರ್ಗಾನ್ ಗ್ಯಾಸಿನ ಸಿಲಿಂಡರ್, 1.6 ಮಿ.ಮೀ. ಟಂಗ್‌ಸ್ಟನ್, 304 ಸ್ಟೇನ್‌ಲೆಸ್ ತಗಡಿನ 2 ಮಿ.ಮೀ. ದಪ್ಪದ ತುಂಡುಗಳು, ಆಮೇಲಕ್ಕೆ ಬೆಸುಗೆಗೆ ಲೋಹ ತುಂಬುವ 308ಎಲ್ ಫಿಲ್ಲರ್ ವೈರ್. ಇಷ್ಟು ಸಾಕು. ಮಿಗ್ ಎಂಬ ಇನ್ನೊಂದು ಬಗೆಯ ವೆಲ್ಡಿಂಗ್‌ಗೆ ಬಳಸುವ, ಕಾರ್ಬನ್ ಡೈಆಕ್ಸೈಡ್ ಬೆರೆತ ಸಿಲಿಂಡರ್ ಪಕ್ಕದಲ್ಲೇ ಇದೆ ಅಂತ ಅದನ್ನು ಜೋಡಿಸಬೇಡಿ, ಟಂಗ್‌ಸ್ಟನ್ ಸುಟ್ಟು ಹೋಗುತ್ತದೆ.

ಮಷಿನ್ ಕೊಳ್ಳುವಾಗ ‘ಅಲ್ಯುಮಿನಿಯಂಗೂ ಆಗುತ್ತೆ ಸಾರ್’ ಎಂಬ ಮಾತು ನಂಬಬೇಡಿ. ನಾನು ನಂಬಿ ಕೆಟ್ಟಿದ್ದೇನೆ. ಅಲ್ಯುಮಿನಿಯಂ 660 ಡಿಗ್ರಿಗೇ ಕರಗುತ್ತದೆ, ಆದರೆ ಅದರ ಮೇಲಿನ ಆಕ್ಸೈಡ್ ಪೊರೆ 2,000 ಡಿಗ್ರಿ ದಾಟಿದರೂ ಜಗ್ಗುವುದಿಲ್ಲ. ಆ ಪೊರೆ ಒಡೆಯಲು ಎಸಿ ಕರೆಂಟ್ ಬೇಕು. ಅಗ್ಗದ ಮಷಿನ್‌ಗಳಲ್ಲಿ ಬಹಳಷ್ಟು ಬರೀ ಡಿಸಿ.

ಕೆಂಪು ತುದಿಯ ಟಂಗ್‌ಸ್ಟನ್ ಬೇಡ. ಅದರಲ್ಲಿ ವಿಕಿರಣ ಸೂಸುವ ಥೋರಿಯಂ ಇರುತ್ತದೆ, ಉಜ್ಜುವಾಗ ಆ ಧೂಳು ಮೂಗಿಗೆ ಹೋಗುವುದು ಒಳ್ಳೆಯದಲ್ಲ. ಬೂದು ಅಥವಾ ಬಂಗಾರದ ಬಣ್ಣದ್ದು ತನ್ನಿ. ಬೇರೇನೂ ಉಜ್ಜದ ಕಲ್ಲಿನ ಮೇಲೆ, ಪೆನ್ಸಿಲ್ ಚೂಪು ಮಾಡಿದಂತೆ, ಗೆರೆಗಳು ಉದ್ದಕ್ಕೆ ಬರುವ ಹಾಗೆ ಉಜ್ಜಿ. ಗೆರೆ ಅಡ್ಡಡ್ಡ ಬಂದರೆ ಆರ್ಕ್ ಅಲೆದಾಡುತ್ತದೆ.

ಜೋಡಣೆ

ಟಾರ್ಚ್ ಮೈನಸ್‌ಗೆ, ಅರ್ಥ್ ಪ್ಲಸ್‌ಗೆ. ಗ್ಯಾಸ್ ನಿಮಿಷಕ್ಕೆ 7–8 ಲೀಟರ್. ಕರೆಂಟ್ 60–70 ಆಂಪ್. ಟಂಗ್‌ಸ್ಟನ್ ತುದಿ, ಟಾರ್ಚಿನ ಬಾಯಲ್ಲಿ ಗ್ಯಾಸ್ ಬಿಡುವ ಕಪ್‌ನಿಂದ ನಾಲ್ಕೈದು ಮಿ.ಮೀ. ಆಚೆ.

ತಗಡನ್ನು ಅಸಿಟೋನ್‌ನಲ್ಲಿ ಒರೆಸಿ. ವೈರನ್ನೂ ಒರೆಸಿ, ಬಟ್ಟೆ ಕಪ್ಪಾಗುವುದು ನೋಡಿದರೆ ನಿಮಗೇ ಗಾಬರಿಯಾಗುತ್ತದೆ. ಅವಸರಕ್ಕೆ ಗ್ಯಾರೇಜಿನ ಬ್ರೇಕ್ ಕ್ಲೀನರ್ ಸ್ಪ್ರೇ ಹೊಡೆಯುವವರಿದ್ದಾರೆ. ಅದರಲ್ಲಿ ಕ್ಲೋರಿನ್ ಸೇರಿದ ದ್ರಾವಕ ಇದ್ದರೆ, ಆರ್ಕಿನ ಬಿಸಿಗೂ ಬೆಳಕಿಗೂ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಪ್ರಾಣಕ್ಕೇ ಸಂಚಕಾರ.

ಹೊಗೆಯಿಲ್ಲ, ಕಿಡಿಯಿಲ್ಲ ಅಂತ ಅರ್ಧ ತೋಳಿನ ಅಂಗಿಯಲ್ಲಿ ಕೂರಬೇಡಿ. ಆರ್ಕಿನ ಬೆಳಕಿಗೇ ಸಂಜೆಗೆ ಚರ್ಮ ಕೆಂಪಗೆ ಉರಿಯುತ್ತದೆ. ಹೆಲ್ಮೆಟ್ ಗಾಜು 9ರಿಂದ 11ನೇ ಶೇಡ್ ಇರಲಿ.

ಮೊದಲು ಬರೀ ಪೂಲ್

ಎಲ್ಲರೂ ಎಡವುವುದು ಇಲ್ಲಿ. ಮೊದಲ ದಿನವೇ ಎಡಗೈಯಲ್ಲಿ ವೈರ್ ಹಿಡಿದು ಕೂರುತ್ತಾರೆ. ಎರಡು ಕೈಗೆ ಎರಡು ಕೆಲಸ, ಕಣ್ಣಿಗೆ ಮೂರನೆಯದು. ಒಂದೂ ನೆಟ್ಟಗಾಗುವುದಿಲ್ಲ. ವಾರದ ಮಟ್ಟಿಗೆ ವೈರನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ.

ಬಲಗೈಯ ಕಿರುಬೆರಳನ್ನು ಮೇಜಿಗೋ ತಗಡಿಗೋ ಊರಿ. ಊರದ ಕೈ ನಡುಗಿಯೇ ನಡುಗುತ್ತದೆ. ಟಾರ್ಚನ್ನು ನೆಟ್ಟಗೆ ನಿಲ್ಲಿಸಿ, ಸಾಗುವ ದಿಕ್ಕಿನಿಂದ ಹತ್ತು–ಹದಿನೈದು ಡಿಗ್ರಿ ಹಿಂದಕ್ಕೆ ವಾಲಿಸಿ. ತುದಿಗೂ ತಗಡಿಗೂ ನಡುವೆ ಟಂಗ್‌ಸ್ಟನ್ನಿನ ದಪ್ಪದಷ್ಟೇ ಜಾಗ. ಆರ್ಕ್ ಹೊತ್ತಿಸಿ, ಕೈ ಕದಲಿಸಬೇಡಿ. ಒಂದೆರಡು ಸೆಕೆಂಡಿನಲ್ಲಿ ತಗಡು ಮೊದಲು ಬೆವರಿದಂತಾಗಿ, ಆಮೇಲೆ ಕುಂಕುಮದ ಬೊಟ್ಟಿನಷ್ಟು ಜಾಗ ಕನ್ನಡಿಯಂತೆ ಹೊಳೆಯುತ್ತದೆ. ಅದೇ ಪೂಲ್. ನೋಡಬೇಕಾದದ್ದು ಅದರ ಅಂಚನ್ನು, ಆರ್ಕಿನ ಬೆಳಕನ್ನಲ್ಲ. ಅಂಚು ಅಗಲವಾಗುತ್ತಿದ್ದರೆ ನೀವು ನಿಧಾನ, ಬೊಟ್ಟು ಸಣ್ಣದಾಗುತ್ತಿದ್ದರೆ ಅವಸರ. ಒಂದೇ ಅಗಲದ ಗೆರೆ ಹತ್ತು ಸೆಂ.ಮೀ. ಎಳೆಯಲು ಬರುವವರೆಗೆ ಎಳೆಯುತ್ತಿರಿ. ಬಿಸಿ ತುಂಡಿನ ಮೇಲೇ ಎಳೆದರೆ ಪೂಲ್ ತಾನಾಗಿ ಹರಡುತ್ತದೆ, ಆರಲು ಬಿಟ್ಟು ಇನ್ನೊಂದು ತುಂಡು ತೆಗೆದುಕೊಳ್ಳಿ.

ಈಗ ವೈರ್. ತಗಡಿಗೆ ಹದಿನೈದು ಡಿಗ್ರಿಯಷ್ಟು ಮಲಗಿಸಿ ಹಿಡಿಯಿರಿ. ಹೆಬ್ಬೆರಳಿನಿಂದ ಬೆರಳುಗಳ ಮೇಲೆ ಇಷ್ಟಿಷ್ಟೇ ಮುಂದೆ ತಳ್ಳಬೇಕು. ಇದನ್ನು ಮಷಿನ್ ಮುಂದೆಯೇ ಕಲಿಯಬೇಕಿಲ್ಲ, ಬಸ್ಸಿನಲ್ಲಿ ಕೂತು ಒಂದು ತುಂಡು ವೈರ್ ಹಿಡಿದು ಕಲಿಯಬಹುದು. ನಮ್ಮಲ್ಲೊಬ್ಬ ಹುಡುಗ ಕ್ರಿಕೆಟ್ ನೋಡುತ್ತಾ ಕಲಿತ. ವೈರನ್ನು ಆರ್ಕಿಗೆ ತೋರಿಸಿ ಹನಿ ಬೀಳಿಸಬಾರದು. ಪೂಲಿನ ಮುಂದಿನ ಅಂಚಿಗೆ ತಾಗಿಸಿ, ಪೂಲೇ ಅದನ್ನು ಕುಡಿಯುತ್ತದೆ. ತಾಗಿಸಿ, ಹಿಂದೆಗೆದು, ಟಾರ್ಚ್ ಒಂದು ಅಕ್ಕಿ ಕಾಳಿನಷ್ಟು ಮುಂದೆ. ಹಿಂದೆಗೆಯುವಾಗ ತೀರಾ ದೂರ ಎಳೆಯಬೇಡಿ. ಗ್ಯಾಸಿನ ನೆರಳು ಬಿಟ್ಟು ಹೊರಬಂದ ಬಿಸಿ ತುದಿ ಕಪ್ಪಾಗಿ, ಆ ಕಪ್ಪೇ ಮುಂದಿನ ಹನಿಯ ಜೊತೆ ಒಳಗೆ ಸೇರುತ್ತದೆ.

ಟಂಗ್‌ಸ್ಟನ್ ಅದ್ದಿತೇ? ಅದ್ದೇ ಅದ್ದುತ್ತದೆ. ನಿಲ್ಲಿಸಿ, ಮತ್ತೆ ಉಜ್ಜಿ. ‘ಇದೊಂದು ಗೆರೆ ಮುಗಿಸಿಬಿಡ್ತೀನಿ’ ಅಂದವನ ಗೆರೆ ನೆಟ್ಟಗಾಗಿದ್ದನ್ನು ನಾನು ಕಂಡಿಲ್ಲ. ಒಮ್ಮೆಗೇ ಆರು ತುಂಡು ಚೂಪು ಮಾಡಿಟ್ಟುಕೊಂಡರೆ ಸೋಮಾರಿತನಕ್ಕೆ ಆಸ್ಪದವಿರುವುದಿಲ್ಲ.

ಕೆಟ್ಟರೆ ಎಲ್ಲಿ ನೋಡಬೇಕು

ಟಂಗ್‌ಸ್ಟನ್ ತುದಿ ಗುಂಡಗೆ ಉಂಡೆಯಾದರೆ ಪ್ಲಸ್–ಮೈನಸ್ ಅದಲುಬದಲಾಗಿದೆ. ತುದಿ ನೀಲಿ-ಕಪ್ಪಾದರೆ ಆರ್ಕ್ ಆರಿದ ಮೇಲೆ ಗ್ಯಾಸ್ ಸಾಲುತ್ತಿಲ್ಲ. ಹತ್ತು ಆಂಪ್‌ಗೆ ಒಂದು ಸೆಕೆಂಡಿನ ಲೆಕ್ಕದಲ್ಲಿ ಬಿಡಿ, ಅಷ್ಟು ಹೊತ್ತು ಟಾರ್ಚನ್ನು ಅಲ್ಲೇ ಹಿಡಿಯಿರಿ.

ಬೆಸುಗೆ ಸ್ಪಂಜಿನಂತೆ ತೂತುತೂತಾದರೆ ಗಾಳಿ ನುಗ್ಗಿದೆ. ಒಂದು ಏಪ್ರಿಲ್‌ನಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಪೈಪ್ ಬಿಚ್ಚಿದೆ, ಕಪ್ ಬದಲಿಸಿದೆ, ಸಿಲಿಂಡರ್ ತಂದವನನ್ನು ಬೈದೆ. ಕೊನೆಗೆ ನೋಡಿದರೆ, ಸೆಕೆ ಅಂತ ನಾನೇ ಹಾಕಿಕೊಂಡ ಫ್ಯಾನ್ ಗ್ಯಾಸನ್ನೆಲ್ಲ ಹಾರಿಸುತ್ತಿತ್ತು. ಗ್ಯಾಸ್ ಹೆಚ್ಚಿಸಿದರೆ ಸರಿಹೋದೀತು ಅಂದುಕೊಳ್ಳಬೇಡಿ. 15–20 ಲೀಟರಿಗೆ ಏರಿಸಿದರೆ ಚಿಕ್ಕ ಕಪ್‌ನಲ್ಲಿ ಅದೇ ಸುಳಿಯೆದ್ದು ಹೊರಗಿನ ಗಾಳಿಯನ್ನು ಒಳಗೆಳೆಯುತ್ತದೆ.

ಸ್ಟೇನ್‌ಲೆಸ್ ತಾನೇ ಬಣ್ಣದಲ್ಲಿ ಹೇಳುತ್ತದೆ. ಹುಲ್ಲಿನ ಹಳದಿ, ಬಂಗಾರ ಬಂದರೆ ಒಳ್ಳೆಯದು. ನೇರಳೆ, ನೀಲಿ ಪರವಾಗಿಲ್ಲ. ಬೂದಿ ಬಣ್ಣ ಬಂದರೆ ಬಿಸಿ ಜಾಸ್ತಿ. ಕರೆಂಟ್ ಇಳಿಸಿ, ಇಲ್ಲವೇ ಬೇಗ ಸಾಗಿ.

ಮೇಲೆ ಬಂಗಾರ ಬಂತೆಂದು ಮೆರೆಯುವ ಮುಂಚೆ ತುಂಡನ್ನು ತಿರುಗಿಸಿ. ಲೋಹ ಆಚೆಗೂ ಕರಗಿದ್ದರೆ, ಅಲ್ಲಿ ಗಾಳಿ ತಾಗಿ ಕರೀ ಹೂಕೋಸಿನಂತೆ ಉಬ್ಬುತಗ್ಗಾಗಿ ಅರಳಿರುತ್ತದೆ. ಕಂಬಿಗೆ ಅದು ನಡೆದೀತು. ಹಾಲಿನ ಪೈಪಿನಲ್ಲಿ ಆ ಹೂಕೋಸಿನ ಸಂದಿಯಲ್ಲೇ ಹಾಲು ಕೂತು ಹುಳಿಯುತ್ತದೆ. ಅದಕ್ಕೇ ಪೈಪಿನ ಎರಡೂ ತುದಿ ಟೇಪ್‌ನಿಂದ ಮುಚ್ಚಿ, ಗಾಳಿ ಹೊರಹೋಗಲು ಸಣ್ಣ ತೂತು ಬಿಟ್ಟು, ಒಳಗೂ ಆರ್ಗಾನ್ ತುಂಬಿಸಿಯೇ ಬೆಸೆಯಬೇಕು. ಹೊಸಬರು ಮಾತ್ರ ಮೊದಲ ತಿಂಗಳು ಪೈಪಿನ ತಂಟೆಗೆ ಹೋಗಬೇಡಿ.