ಕೆರೆಯ ದಂಡೆಯಿಂದ ರಾಜಕಾಲುವೆಯ ಕಡೆಗೆ: ನನ್ನ ಅನುಭವ

ಬೆಂಗಳೂರಿನ ಆಗ್ನೇಯ ಭಾಗದಲ್ಲಿರುವ ನಮ್ಮ ಬಡಾವಣೆಯ ಕೆರೆಯ ಕೆಲಸಕ್ಕೆ ನಾನು ಸೇರಿಕೊಂಡದ್ದು 2017ರಲ್ಲಿ, ಬೆಳ್ಳಂದೂರು ಕೆರೆಯಲ್ಲಿ ಬೆಂಕಿ ಕಾಣಿಸಿಕೊಂಡ ವರ್ಷ. ನಮ್ಮ ಕೆರೆಯ ಕೋಡಿ ನೀರು ಕೊನೆಗೆ ಹೋಗಿ ಸೇರುವುದು ಆ ಬೆಳ್ಳಂದೂರನ್ನೇ; ಅಲ್ಲಿಂದ ವರ್ತೂರು ಕೆರೆಗೆ, ಆಮೇಲೆ ದಕ್ಷಿಣ ಪಿನಾಕಿನಿಗೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೆರೆಗಳನ್ನು ಹಿಂದಿನವರು ಒಂದರ ಕೋಡಿ ಇನ್ನೊಂದರ ಒಡಲಿಗೆ ಇಳಿಯುವಂತೆ ಕಟ್ಟಿದ್ದಾರೆ. ಈ ಸರಣಿ ಮನದಟ್ಟಾದ ಮೇಲೆ, ದಂಡೆಯ ಪ್ಲಾಸ್ಟಿಕ್ ಆರಿಸುವುದಕ್ಕಿಂತ ಹೆಚ್ಚಿನ ಸಮಯವನ್ನು ನಮ್ಮ ತಂಡ ರಾಜಕಾಲುವೆಯ ಉದ್ದಕ್ಕೂ ನಡೆಯುವುದಕ್ಕೆ ಕೊಡತೊಡಗಿತು.

ಇದಕ್ಕೆ ಸರಿಯಾದ ಕಾಲ ಫೆಬ್ರುವರಿ ಮತ್ತು ಮಾರ್ಚ್. ರಾಜಕಾಲುವೆ ಇರುವುದು ಮಳೆನೀರಿಗಾಗಿ. ವಾರಗಟ್ಟಲೆ ಮಳೆಯಿಲ್ಲದ ದಿನಗಳಲ್ಲೂ ಅದರಲ್ಲಿ ನೀರು ಹರಿಯುತ್ತಿದೆಯೆಂದರೆ ಬಹುಮಟ್ಟಿಗೆ ಅದು ಒಳಚರಂಡಿಯ ನೀರೇ. ಕೆರೆಯ ಬಾಯಿಯಿಂದ ಹರಿವಿಗೆ ಎದುರಾಗಿ ನಡೆಯುತ್ತಾ ಹೋದರೆ ಎಲ್ಲಿಯವರೆಗೆ ಕಾಲುವೆ ಒದ್ದೆಯಾಗಿದೆ, ಎಲ್ಲಿಂದ ಮುಂದೆ ಒಣಗಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ಆ ಗಡಿಯ ಆಸುಪಾಸಿನಲ್ಲಿ ಒಂದು ಉಕ್ಕುವ ಮ್ಯಾನ್‌ಹೋಲ್, ಒಡೆದ ಕೊಳವೆ ಅಥವಾ ಗೋಡೆ ಕೊರೆದು ಕಾಲುವೆಗೆ ಬಿಟ್ಟ ಪೈಪು ಸಿಕ್ಕೇ ಸಿಗುತ್ತದೆ. ಜಾಗದ ಗುರುತು ಮತ್ತು ದಿನಾಂಕ ಸಹಿತ ಅದರ ಚಿತ್ರ ತೆಗೆದು, ಒಂದು ದೂರಿಗೆ ಒಂದೇ ಜಾಗದಂತೆ ಬರೆದು ಕೊಡುತ್ತೇವೆ. ‘ಕೆರೆ ಕೆಟ್ಟಿದೆ’ ಎಂದು ಬರೆದ ಅರ್ಜಿ ಮೇಜಿನಿಂದ ಮೇಜಿಗೆ ಅಲೆಯುತ್ತದೆ; ಇಂಥ ರಸ್ತೆಯ ಇಂಥ ಮ್ಯಾನ್‌ಹೋಲ್ ಕಟ್ಟಿಕೊಂಡಿದೆ ಎಂದು ಬರೆದರೆ ನೀರಿನ ಒತ್ತಡದಿಂದ ಕೊಳವೆ ತೆರವು ಮಾಡುವ ಜೆಟ್ಟಿಂಗ್ ಯಂತ್ರದ ಗಾಡಿ ಬರುತ್ತದೆ. ಯಂತ್ರವೇ ಬರಬೇಕೆಂದು ಪಟ್ಟು ಹಿಡಿಯುವುದೂ ಸ್ವಯಂಸೇವಕರ ಹೊಣೆಯೆಂದು ನಾನು ಬಲವಾಗಿ ನಂಬಿದ್ದೇನೆ. ರಕ್ಷಣೆಯಿಲ್ಲದೆ ಮನುಷ್ಯರನ್ನು ಒಳಚರಂಡಿಗೆ ಇಳಿಸುವುದನ್ನು ಮಲ ಹೊರುವ ಪದ್ಧತಿಯ ವಿರುದ್ಧದ 2013ರ ಕಾಯ್ದೆ ನಿಷೇಧಿಸಿದೆ. ನಮ್ಮ ಕೆರೆಯ ಹೆಸರಿನಲ್ಲಿ ಯಾರ ಜೀವಕ್ಕೂ ಕುತ್ತು ಬರಬಾರದು.

ನಡಿಗೆಯ ಜೊತೆಗೆ ನಕ್ಷೆಯೂ ಬೇಕು. ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ನಿಂತ ನೆಲದ ಸರ್ವೆ ನಂಬರ್ ತಿಳಿಯುತ್ತದೆ, ಹಳೆಯ ಗ್ರಾಮನಕ್ಷೆಯಲ್ಲಿ ಕೆರೆಯ ಎಲ್ಲೆಯೂ ಕಾಲುವೆಯ ಗೆರೆಗಳೂ ಇರುತ್ತವೆ. ನಮ್ಮ ನಕ್ಷೆಯಲ್ಲಿ ಎರಡು ಕಾಲುವೆಗಳಿದ್ದವು, ನೆಲದ ಮೇಲೆ ಒಂದೇ ಇತ್ತು. ಹಿಂದೆ ಕೆರೆಯ ನೀರು ಬಿಡುವ ಹೊಣೆ ಹೊತ್ತಿದ್ದ ಊರಿನ ನೀರಗಂಟಿ ಮನೆತನದ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ, “ಇನ್ನೊಂದು ಕಾಲುವೆ ಎಲ್ಲಿತ್ತು, ತಾತ?” ಎಂದು ಕೇಳಿದಾಗ, ಅವರು ಒಂದು ಡಾಂಬರು ರಸ್ತೆಯ ನಡುವೆ ನಿಂತು, “ಇಲ್ಲೇ, ನಿಮ್ಮ ಕಾಲ್ ಕೆಳಗೆ” ಎಂದರು. ಅವರ ಮಾತನ್ನು ನಕ್ಷೆಯೊಂದಿಗೆ ತಾಳೆ ನೋಡಿ ಸರ್ವೆಗೆ ಅರ್ಜಿ ಹಾಕಿದೆವು.

ನೀರಿನಲ್ಲಿ ಎಷ್ಟು ಆಮ್ಲಜನಕ ಕರಗಿದೆ ಎಂಬ ಪರೀಕ್ಷೆಯನ್ನು ನಾವೇ ಮಾಡುತ್ತೇವೆ, ಅದೂ ಸೂರ್ಯೋದಯಕ್ಕೆ ಮುಂಚೆ. ಹಗಲಿನಲ್ಲಿ ಪಾಚಿ ಆಮ್ಲಜನಕವನ್ನು ಬಿಡುತ್ತದೆ, ರಾತ್ರಿ ಅದೇ ಪಾಚಿ ಆಮ್ಲಜನಕವನ್ನು ಬಳಸಿಕೊಳ್ಳುತ್ತದೆ. ಹೀಗಾಗಿ ಮಧ್ಯಾಹ್ನ ಚೆನ್ನಾಗಿ ಕಂಡ ನೀರಿನಲ್ಲೇ ಬೆಳಗಿನ ಜಾವ ಮೀನುಗಳು ಬಾಯಿ ತೆರೆದು ಮೇಲಕ್ಕೆ ಬರುತ್ತವೆ. ಗಾಜಿನ ಬಾಟಲಿಯನ್ನು ನೀರೊಳಗೆ ಮುಳುಗಿಸಿ, ಗಾಳಿಯ ಒಂದು ಗುಳ್ಳೆಯೂ ಉಳಿಯದಂತೆ ತುಂಬಿಸಿ, ಮ್ಯಾಂಗನೀಸ್ ಸಲ್ಫೇಟ್ ಮತ್ತು ಕ್ಷಾರೀಯ ಅಯೋಡೈಡ್‌ನ ಹನಿಗಳನ್ನು ಬಿಟ್ಟು ಅಲುಗಾಡಿಸಿದರೆ, ನೀರಿನಲ್ಲಿ ಆಮ್ಲಜನಕವಿದ್ದಾಗ ಕಂದು ಬಣ್ಣದ ಗಸಿ ಕಟ್ಟುತ್ತದೆ. ಇಲ್ಲದಿದ್ದಾಗ ಗಸಿ ಬಿಳಿಯಾಗಿಯೇ ಉಳಿಯುತ್ತದೆ. ಮುಂದೆ ಆಮ್ಲ ಬೆರೆಸಿ ಟೈಟ್ರೇಷನ್ ಮಾಡಿದರೆ ಪ್ರಮಾಣ ಗೊತ್ತಾಗುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದ ಪ್ರಕಾರ ಮೀನು ಮತ್ತು ವನ್ಯಜೀವಿಗಳಿಗೆ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಇರಬೇಕು.

ಮೇಲ್ಭಾಗದ ವಸತಿ ಸಮುಚ್ಚಯವೊಂದರ ಕೊಳಚೆನೀರು ಸಂಸ್ಕರಣಾ ಘಟಕ ಕೆಟ್ಟು, ರಾತ್ರಿ ಹೊತ್ತು ನೀರು ನೇರವಾಗಿ ಕಾಲುವೆಗೆ ಬರುತ್ತಿದ್ದಾಗ ನಾವು ಅಲ್ಲಿನ ನಿವಾಸಿಗಳ ಸಭೆಗೆ ಹೋಗಿ, ಕೆರೆಯ ನೀರನ್ನೂ ಅವರ ನಲ್ಲಿಯ ನೀರನ್ನೂ ಅವರೆದುರಿಗೇ ಪರೀಕ್ಷಿಸಿ ತೋರಿಸಿದೆವು. ನಲ್ಲಿ ನೀರಿನ ಬಾಟಲಿಯಲ್ಲಿ ಕಂದು, ಕೆರೆ ನೀರಿನದರಲ್ಲಿ ಬಿಳಿ. ಕರ್ನಾಟಕ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ 2014ರ ಕಾಯ್ದೆಯನ್ನು ಅಂದು ಎತ್ತುವ ಅಗತ್ಯವೇ ಬೀಳಲಿಲ್ಲ. ಘಟಕದ ದುರಸ್ತಿಗೆ ಹಣ ಎತ್ತಲು ಅವರೇ ಒಪ್ಪಿದರು, ಈಗ ಅಲ್ಲಿನ ಕೆಲವರು ನಮ್ಮ ನಡಿಗೆಗೂ ಬರುತ್ತಾರೆ.

ಕಳೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಹಲವರಿಗಿಂತ ಬೇರೆ. ನೀರಿನ ಮೇಲೆ ತೇಲುತ್ತಾ ಹರಡುವ ಹಯಸಿಂತ್ ಕಳೆಯನ್ನು ತೆಗೆಯಲೇಬೇಕು, ತೆಗೆದದ್ದನ್ನು ದಂಡೆಯಲ್ಲಿ ರಾಶಿ ಹಾಕದೆ ದೂರ ಸಾಗಿಸಬೇಕು. ಅದು ಅಲ್ಲೇ ಕೊಳೆತರೆ ಹೀರಿಕೊಂಡ ಸಾರಜನಕ, ರಂಜಕವೆಲ್ಲ ಮತ್ತೆ ನೀರಿಗೇ ಸೇರುತ್ತವೆ. ಆದರೆ ಕೆರೆಯಂಚಿನ ಜೊಂಡನ್ನು ಪೂರ್ತಿ ಬೋಳಿಸುವುದನ್ನು ನಾನು ವಿರೋಧಿಸುತ್ತೇನೆ. ನೀರುಕೋಳಿಗಳು ಗೂಡು ಕಟ್ಟುವುದು ಅದರೊಳಗೆ, ಒಳಬರುವ ನೀರಿನ ಹೂಳನ್ನು ತಡೆಯುವುದೂ ಅದೇ.

ಹೂತುಹೋದ ಕಾಲುವೆಯ ಸರ್ವೆ ಮುಗಿದು ಗುರುತುಕಲ್ಲು ನೆಟ್ಟಿದ್ದಾರೆ, ರಸ್ತೆಯಡಿ ಮೋರಿ ಹಾಕುವ ಕೆಲಸ ಇನ್ನೂ ಬಾಕಿಯಿದೆ. ಅಲ್ಲಿಯವರೆಗೆ ಮುಂಗಾರಿಗೆ ಮುಂಚೆ ಆ ರಸ್ತೆಯ ಬದಿಯ ಚರಂಡಿಯನ್ನು ತೆರವು ಮಾಡಿಸಿ, ಮಳೆಯ ನೀರನ್ನು ಅದರ ಮೂಲಕವೇ ಕೆರೆಗೆ ತರುತ್ತಿದ್ದೇವೆ.